ಗುಂಯ್‌ಗುಡುವ ಪೆಟ್ಟಿಗೆ

ಧಾರವಾಡದ ಮಳೆಗಾಲವೆಂದರೆ ಮನೆಯೊಳಗೆ ಕುಳಿತು ಹಳೆಯ ಗಂಟುಗಳನ್ನು ಬಿಚ್ಚುವ ಕಾಲ. ಕಳೆದ ಶ್ರಾವಣದಲ್ಲಿ ಒಂದು ದಿನ ನಾನು ಹಳೆಯ ಟಿಪ್ಪಣಿಗಳನ್ನು ಹರವಿಕೊಂಡು ಕುಳಿತಿದ್ದಾಗ ಹುಬ್ಬಳ್ಳಿಯ ಭಕ್ತರೊಬ್ಬರ ಮಗ ಮನೆಗೆ ಬಂದರು. ಅವರ ತಂದೆಯವರು ಲಿಂಗೈಕ್ಯರಾಗಿ ಒಂದು ವರ್ಷವಾಗಿತ್ತು. ತಂದೆಯವರ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಒಂದು ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟು, "ಇದರಾಗ ಅಪ್ಪಾವರ ಧ್ವನಿ ಐತ್ರಿ. ನಮ್ಮ ಮನ್ಯಾಗ ಇದನ್ನ ಹಚ್ಚಾಕ ಮಷೀನಽ ಉಳದಿಲ್ಲ. ನಿಮ್ಮ ಕಡೆ ಇದ್ದರ ಚಲೋ ಅನಸ್ತು" ಎಂದರು. ಕ್ಯಾಸೆಟ್ಟಿನ ಮೇಲೆ ನೀಲಿ ಮಸಿಯಲ್ಲಿ 'ಶ್ರಾವಣ 1978, ಪ್ರವಚನ' ಎಂದಷ್ಟೇ ಬರೆದಿತ್ತು. ಅದನ್ನು ಓದಿದೊಡನೆ ನನ್ನಲ್ಲಿ ಹರ್ಷ ಮೂಡಿತು. ಹರ್ಷದ ಬೆನ್ನಿಗೇ ಒಂದು ಅಳುಕೂ ಮೂಡಿತು. ಅಳುಕಿನ ಕಾರಣವನ್ನು ಮುಂದೆ ಹೇಳುತ್ತೇನೆ. ನಲವತ್ತೇಳು ವರ್ಷ ಯಾರಿಗೂ ಹೇಳದಿದ್ದ ಸಂಗತಿ ಅದು.

ಅಪ್ಪಾವರೆಂದರೆ ನಾನು ಓದಿ ಬೆಳೆದ ಮಠದ ಗುರುಗಳು. ತಂದೆಯಿಲ್ಲದ ನನ್ನನ್ನು ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯವರು ಆ ಮಠದ ಪ್ರಸಾದನಿಲಯಕ್ಕೆ ತಂದು ಬಿಟ್ಟರು. ಅನ್ನ, ಅಕ್ಷರ ಎರಡೂ ನನಗೆ ಅಲ್ಲಿಯೇ ದೊರೆತವು. ಬೆಳಗಿನ ಜಾವದಲ್ಲಿ ಅಪ್ಪಾವರೇ ನಮಗೆ ಸಂಸ್ಕೃತ ವ್ಯಾಕರಣವನ್ನೂ, ಅನ್ನಂಭಟ್ಟನ ತರ್ಕಸಂಗ್ರಹವನ್ನೂ ಹೇಳಿಕೊಡುತ್ತಿದ್ದರು. ಹಗಲು ನಾವು ಪೇಟೆಯ ಕಾಲೇಜಿಗೆ ಹೋಗುತ್ತಿದ್ದೆವು. ಅವರು 1991ರಲ್ಲಿ ಲಿಂಗೈಕ್ಯರಾದರು. ಆ ಧ್ವನಿಯನ್ನು ಕೇಳಿ ಮೂವತ್ತು ವರ್ಷಗಳು ಮೀರಿದ್ದವು. ಅದು ಮತ್ತೆ ಕೇಳಿಸುವುದಾದರೆ ಯಾವ ಶಿಷ್ಯನಿಗೆ ತಡೆದಿರಲು ಸಾಧ್ಯ?

ಕ್ಯಾಸೆಟ್ ನುಡಿಸುವ ಹಳೆಯ ಯಂತ್ರವೊಂದು ನಮ್ಮ ಮನೆಯ ಅಟ್ಟದಲ್ಲಿತ್ತು. ಆಂಪ್ಲಿಫೈಯರನ್ನು ನನ್ನ ಮೊಮ್ಮಗನೇ ಕಟ್ಟಿದ್ದನು. ಅವನು ಪಿ.ಯು.ಸಿ. ಎರಡನೆಯ ವರ್ಷದ ವಿಜ್ಞಾನದ ವಿದ್ಯಾರ್ಥಿ. ಕೊಂಡು ತರುವುದಕ್ಕಿಂತ ಕಟ್ಟಿ ನೋಡುವುದರಲ್ಲಿ ಅವನಿಗೆ ಸುಖ. ಆ ಗುಣ ನನ್ನಿಂದಲೇ ಬಂದಿರಬೇಕು. ಮಠದಲ್ಲಿದ್ದಾಗ ಮೈಕ್ ಸೆಟ್ಟಿನ ರಿಪೇರಿಯವನ ಹಿಂದೆ ತಿರುಗಿ ನಾನೂ ಬೆಸುಗೆಯ ಕೆಲಸವನ್ನು ಕಲಿತಿದ್ದೆ. ಮೊಮ್ಮಗನು ಹುಬ್ಬಳ್ಳಿಯ ಪೇಟೆಯಿಂದ ಟಿಡಿಎ 2030 ಎಂಬ ಎರಡು ಐ.ಸಿ.ಗಳನ್ನೂ, 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನೂ, ನಾಲ್ಕು ಡಯೋಡುಗಳನ್ನೂ, 2200 ಮೈಕ್ರೋಫ್ಯಾರಡಿನ ಎರಡು ಕೆಪ್ಯಾಸಿಟರುಗಳನ್ನೂ ತಂದು ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದನು. ನಮ್ಮ ಕಾಲದಲ್ಲಿ ಕೆಪ್ಯಾಸಿಟರಿಗೆ 'ಕಂಡೆನ್ಸರ್' ಎನ್ನುತ್ತಿದ್ದೆವು. ಇಂದಿಗೂ ನನ್ನ ಬಾಯಿಗೆ ಅದೇ ಬರುತ್ತದೆ.

ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕುಳಿತೆವು. ಮೊಮ್ಮಗ ಗುಂಡಿಯನ್ನೊತ್ತಿದ. ಮೊದಲು ಕೇಳಿದುದು ಅಪ್ಪಾವರ ಧ್ವನಿಯಲ್ಲ, 'ಗುಂಯ್' ಎಂಬ ಒಂದೇ ಸಮನೆಯ ಸದ್ದು. ಅದರ ಅಡಿಯಿಂದ, ಮಂಜಿನ ಆಚೆ ನಿಂತವರು ಕೂಗಿದಂತೆ, ಅವರ ಮಾತು ಕೇಳುತ್ತಿತ್ತು. ದೊಡ್ಡದಾಗಿ ಆಡಿದ ಮಾತು ತಿಳಿಯುತ್ತಿತ್ತು. ಧ್ವನಿ ಇಳಿಸಿ ಆಡಿದ ಮಾತು ಸದ್ದಿನಲ್ಲಿ ಮುಳುಗುತ್ತಿತ್ತು. ಮೊದಲ ಬದಿಯ ಕೊನೆಗೆ 'ಢಬ್' ಎಂದು ಏನೋ ಬಿದ್ದ ಸದ್ದು, ಜನರ ಗಲಿಬಿಲಿ, ಬಳಿಕ ಯಾರೋ ಇಬ್ಬರು ಮೆಲ್ಲಗೆ ಮಾತನಾಡಿದಂತೆ. ಅದೇನೆಂದು ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ಆ ಬಿದ್ದ ಸದ್ದು ಯಾವುದೆಂಬುದು ಮಾತ್ರ ನನಗೆ ತಿಳಿದಿತ್ತು. ನಾನು ಸುಮ್ಮನೆ ಎದ್ದು ಹೊರಗೆ ಹೋದೆ.

ಈ ಊರಿನ ಕಿವಿ ಸಾಮಾನ್ಯವಾದುದಲ್ಲ. 1950ರ ಜನವರಿ 8ರಂದು ಇಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಹಾಡಿದ ಊರುಗಳಿವು. ಇಲ್ಲಿಯ ಸಾಮಾನ್ಯ ಶ್ರೋತೃವೂ ತಂಬೂರಿಯ ತಂತಿ ಕೂದಲೆಳೆಯಷ್ಟು ಸಡಿಲವಾದರೆ ಮುಖ ಕಿವುಚುತ್ತಾನೆ. ಆದುದರಿಂದಲೇ ಈ ಗುಂಯ್‌ಕಾರ ನಮಗೆ ಹೆಚ್ಚು ಹಿಂಸೆ. ಇದಕ್ಕೊಂದು ಲೆಕ್ಕವೂ ಇದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಡಯೋಡುಗಳು ಅದರ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಪೆಟ್ಟಿಗೆಯೊಳಗೆ ಸೆಕೆಂಡಿಗೆ 100 ಅಲೆಗಳಾಗುತ್ತವೆ. ಹಾರ್ಮೋನಿಯಮ್ಮಿನ ಕರಿ ಒಂದನ್ನು ಷಡ್ಜವಾಗಿ ಇಟ್ಟುಕೊಂಡ ಗಾಯಕರ ತಂಬೂರಿಯಲ್ಲಿ ಮಂದ್ರ ಪಂಚಮದ ತಂತಿ ಸೆಕೆಂಡಿಗೆ ಸುಮಾರು 104 ಸಲ ಕಂಪಿಸುತ್ತದೆ. 104ರ ಬಳಿಯಲ್ಲಿ 100 ಎಂದರೆ ಇಳಿದುಹೋದ ಪಂಚಮ. ಶ್ರುತಿ ತಪ್ಪಿದ ತಂಬೂರಿಯನ್ನು ಯಾರೋ ಮರೆಯಲ್ಲಿ ಕುಳಿತು ಬಿಡದೆ ಮೀಟುತ್ತಿರುವಂತೆ.

ಮೊಮ್ಮಗ ಮೊದಲು ಕಂಪ್ಯೂಟರಿನ ದಾರಿ ಹಿಡಿದ. ಧ್ವನಿಯನ್ನು ಅದಕ್ಕೆ ಇಳಿಸಿ, 50, 100, 150 ಎಂಬ ಕಂಪನಗಳನ್ನು ತೆಗೆದುಹಾಕುವ ತಂತ್ರಾಂಶಕ್ಕೆ ಕೊಟ್ಟ. ಸದ್ದು ತಗ್ಗಿತು, ಆದರೆ ಅಪ್ಪಾವರ ಕಂಠದ ಗಾಂಭೀರ್ಯವೂ ಅದರೊಡನೆ ಹೋಯಿತು. ಗಂಡಸಿನ ಧ್ವನಿಯ ಬುಡವೂ ಇದೇ ಕಂಪನಗಳ ನೆರೆಯಲ್ಲಿಯೇ ಇರುತ್ತದೆ. ಕಳೆ ಕೀಳಲು ಹೋಗಿ ಪೈರನ್ನು ಕಿತ್ತಂತಾಯಿತು. ಆಗ ನಾನು ಹೇಳಿದೆ: "ತಮ್ಮಾ, ಕೇಳೂ ಮುಂದ ಬಂದ ಸದ್ದನ್ನ ಕೇಳೂ ಮುಂದನಽ ತಗೀಬೇಕು. ಎಲ್ಲಿಂದ ಬರತೈತಿ ನೋಡೂಣು."

ಆ ಬಳಿಕ ನಾವಿಬ್ಬರೂ ನಾಲ್ಕು ದಿನ ಆ ಪೆಟ್ಟಿಗೆಯ ಮುಂದೆ ಕುಳಿತೆವು. ಮೊದಲ ತಪ್ಪು ನನ್ನದೇ. ಗುಂಯ್ ಎಂದರೆ ಕಂಡೆನ್ಸರು ಸಾಲದು ಎಂಬುದು ನಮ್ಮ ಕಾಲದ ರಿಪೇರಿಯವರ ಮೊದಲ ಮಾತು. ಅಲೆಯ ತಗ್ಗನ್ನು ತುಂಬಿಕೊಡುವುದು ಅದರ ಕೆಲಸ. ಒಂದು ಆಂಪಿಯರ್ ವಿದ್ಯುತ್ತನ್ನು ಎಳೆದರೆ 2200 ಮೈಕ್ರೋಫ್ಯಾರಡಿನ ಕಂಡೆನ್ಸರು ಎರಡು ಅಲೆಗಳ ನಡುವೆ ಸುಮಾರು 4.5 ವೋಲ್ಟಿನಷ್ಟು ಕುಸಿಯುತ್ತದೆ. 4700ರದಾದರೆ ಎರಡು ವೋಲ್ಟಿನಷ್ಟು. ಲೆಕ್ಕ ಸರಿಯಾಗಿಯೇ ಇತ್ತು. ಹುಬ್ಬಳ್ಳಿಗೆ ಹೋಗಿ ದೊಡ್ಡ ಕಂಡೆನ್ಸರುಗಳನ್ನು ತಂದು ಹಾಕಿದೆವು. ಸದ್ದು ತುಸು ತಗ್ಗಿತೇ ಹೊರತು ಹೋಗಲಿಲ್ಲ. ಸಪ್ಪಳವಿಲ್ಲದಾಗ ಪೆಟ್ಟಿಗೆ ಎಳೆಯುವ ವಿದ್ಯುತ್ತು ಒಂದು ಆಂಪಿಯರಿನ ಸಣ್ಣದೊಂದು ಪಾಲು ಮಾತ್ರ. ಅಷ್ಟರ ಏರಿಳಿತವನ್ನು ಆ ಐ.ಸಿ. ತಾನೇ ತಡೆದುಕೊಳ್ಳುತ್ತದೆ. ರೋಗವನ್ನು ನೋಡದೆ ಔಷಧ ಕೊಟ್ಟ ವೈದ್ಯನಂತೆ ನಾನು ನಡೆದುಕೊಂಡಿದ್ದೆ.

ಅಂದು ರಾತ್ರಿ ತರ್ಕಸಂಗ್ರಹದ ಪಾಠ ನೆನಪಾಯಿತು. ಒಂದಕ್ಕೆ ಇನ್ನೊಂದು ಕಾರಣವೆಂದು ಹೇಳಬೇಕಾದರೆ ಅನ್ವಯ, ವ್ಯತಿರೇಕ ಎರಡನ್ನೂ ನೋಡಬೇಕು. ಅದಿದ್ದಲ್ಲಿ ಇದಿರಬೇಕು, ಅದಿಲ್ಲದಲ್ಲಿ ಇದಿರಬಾರದು. ಮರುದಿನ ಬೆಳಿಗ್ಗೆ ಪೆಟ್ಟಿಗೆಗೆ ಸೇರಿದ ಎಲ್ಲ ತಂತಿಗಳನ್ನೂ ಬಿಚ್ಚಿದೆವು. ಸ್ಪೀಕರುಗಳನ್ನು ಮಾತ್ರ ಇಟ್ಟು, ಧ್ವನಿಯ ತಿರುಗಣಿಯನ್ನು ಸೊನ್ನೆಗೆ ತಂದೆವು. ಆಗಲೂ ಗುಂಯ್ ಎನ್ನುತ್ತಿತ್ತು. ತಿರುಗಣಿ ಸೊನ್ನೆಯಲ್ಲಿದ್ದಾಗಲೂ ಸದ್ದು ಇದೆಯೆಂದರೆ ದೋಷ ಅದರ ಹಿಂದಿನದಲ್ಲ, ಮುಂದಿನದು. ಕ್ಯಾಸೆಟ್ಟಿನದಲ್ಲ, ಪೆಟ್ಟಿಗೆಯದೇ.

ಮುಚ್ಚಳ ತೆಗೆದು ನೋಡಿದೆ. ಪೆಟ್ಟಿಗೆಯಲ್ಲಿ ಹೋದ ವಿದ್ಯುತ್ತೆಲ್ಲ ಮರಳಿ ಬಂದು ಸೇರುವ ಒಂದು ಸೊನ್ನೆಯ ತಂತಿ ಇರುತ್ತದೆ. ಅದಕ್ಕೆ 'ಗ್ರೌಂಡ್' ಎನ್ನುತ್ತಾರೆ. ಮೊಮ್ಮಗ ಒಂದೇ ತೆಳು ತಂತಿಗೆ ಎಲ್ಲವನ್ನೂ ಮಣಿಯಂತೆ ಪೋಣಿಸಿದ್ದನು. ಒಂದು ತುದಿಗೆ ಕಂಡೆನ್ಸರು, ನಡುವೆ ಸ್ಪೀಕರು, ಡಯೋಡಿನ ಕಡೆಯ ತಂತಿ, ಕೊನೆಗೆ ಧ್ವನಿ ಒಳಬರುವ ತಂತಿ. ಕಂಡೆನ್ಸರಿಗೆ ತುಂಬುವ ವಿದ್ಯುತ್ತು ಸಮನಾಗಿ ಹರಿಯುವುದಿಲ್ಲ, ಸೆಕೆಂಡಿಗೆ 100 ಸಲ ಗುದ್ದುಗುದ್ದಾಗಿ ನುಗ್ಗುತ್ತದೆ. ಆ ಗುದ್ದು ಹಾಯ್ದುಹೋಗುವ ತಂತಿಯ ತುದಿಗೇ ಸೂಕ್ಷ್ಮವಾದ ಧ್ವನಿಯನ್ನು ಕಟ್ಟಿದರೆ ಎರಡೂ ಬೆರೆಯದೆ ಇರುತ್ತವೆಯೇ? ಚಕ್ಕಡಿ ಓಡಾಡುವ ದಾರಿಯಲ್ಲಿ ರಂಗೋಲಿ ಹಾಕಿದಂತೆ. ಎರಡು ಕಂಡೆನ್ಸರುಗಳ ನಡುವಿನ ಒಂದು ಬಿಂದುವನ್ನು ನೆಲೆಯಾಗಿ ಮಾಡಿಕೊಂಡು, ಪ್ರತಿಯೊಂದನ್ನೂ ಬೇರೆಬೇರೆ ತಂತಿಯಿಂದ ಆ ಬಿಂದುವಿಗೇ ತಂದು ಬೆಸೆದೆವು. ಸ್ವಿಚ್ ಒತ್ತಿದರೆ ಪೆಟ್ಟಿಗೆ ಮೌನ! ಸ್ಪೀಕರಿಗೆ ಕಿವಿ ತಾಗಿಸಿದರೂ ಉಸಿರಾಡಿದಷ್ಟು ಸದ್ದು ಮಾತ್ರ. ಮೊಮ್ಮಗ ಚಪ್ಪಾಳೆ ತಟ್ಟಿದ.

ಕ್ಯಾಸೆಟ್ ಯಂತ್ರವನ್ನು ಜೋಡಿಸಿದೊಡನೆ ಗುಂಯ್‌ಕಾರ ಮತ್ತೆ ಬಂತು. ಈ ಸಲ ಅದು ತಿರುಗಣಿಯೊಡನೆ ಏರಿಳಿಯುತ್ತಿತ್ತು. ದನಿಯೂ ಬೇರೆ, ಇನ್ನಷ್ಟು ಕೆಳಗಿನದು. ಯಂತ್ರವನ್ನು ಆಂಪ್ಲಿಫೈಯರಿನ ಮೇಲೆಯೇ ಇಟ್ಟಿದ್ದೆವು. ಟ್ರಾನ್ಸ್‌ಫಾರ್ಮರಿನ ಸುತ್ತ ಕಾಂತಕ್ಷೇತ್ರವಿರುತ್ತದೆ. ಕ್ಯಾಸೆಟ್ಟಿನ ಪಟ್ಟಿಯ ಮೇಲಿನ ಅತಿ ಸೂಕ್ಷ್ಮ ಕಾಂತತ್ವವನ್ನು ಓದುವ 'ಹೆಡ್', ನೆರೆಯಲ್ಲಿಯೇ ಇರುವ ಈ ದೊಡ್ಡ ಕಾಂತಕ್ಷೇತ್ರವನ್ನು ಓದದೆ ಬಿಟ್ಟೀತೆ? ಯಂತ್ರವನ್ನು ಎತ್ತಿ ಎರಡು ಮೊಳ ಆಚೆ ಇಟ್ಟೆವು. ಅದೂ ಹೋಯಿತು. ಕಾಂತಕ್ಷೇತ್ರವು ದೂರ ಸರಿದಂತೆ ಬಹು ಬೇಗ ಕುಗ್ಗುತ್ತದೆ. ಇದಕ್ಕೆ ಬೇರೆ ಖರ್ಚಿಲ್ಲ.

ಮೂರನೆಯದು ಧ್ವನಿಯನ್ನು ಇಳಿಸಿಕೊಳ್ಳಲು ಲ್ಯಾಪ್‌ಟಾಪನ್ನು ಜೋಡಿಸಿದಾಗ ಬಂತು. ಅದರ ಚಾರ್ಜರನ್ನು ಗೋಡೆಯ ಇನ್ನೊಂದು ಸಾಕೆಟ್ಟಿಗೆ ಹಾಕಿದೊಡನೆ ಗುಂಯ್, ತೆಗೆದೊಡನೆ ಮೌನ. ಅನ್ವಯವೂ ಸಿಕ್ಕಿತು, ವ್ಯತಿರೇಕವೂ ಸಿಕ್ಕಿತು. ನಾನು ಕಾರಣವನ್ನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮೊಮ್ಮಗ, "ಅಜ್ಜಾ, ನನ್ನ ಗೆಳೆಯ ಹೇಳ್ಯಾನ. ಪೆಟಿಗಿ ಪ್ಲಗ್ಗಿನ್ಯಾಗ ಈ ಅರ್ಥಿಂಗ್ ತಂತಿ ತಗದಬಿಟ್ಟರ ಸದ್ದು ಪೂರ್ತಿ ಹೋಗತೈತಂತ" ಎನ್ನುತ್ತ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

"ಕೈ ತಗೀ!" ಎಂದು ನಾನು ಕೂಗಿದೆ. ಅಡುಗೆಮನೆಯಿಂದ ಸೊಸೆ ಓಡಿಬಂದಳು. ಆ ಮಗುವಿನ ಮೇಲೆ ನಾನು ಎಂದೂ ಹಾಗೆ ಕೂಗಿದವನಲ್ಲ. ಅವನು ಬೆರಗಾಗಿ ನನ್ನ ಮುಖವನ್ನೇ ನೋಡಿದ. ನನ್ನ ಕೈ ನಡುಗುತ್ತಿತ್ತು. "ಹಂಗ ಮಾಡಿದರ ಸದ್ದು ಹೋಗತೈತಿ, ಖರೆ. ನಾನೂ ಹಂಗಽ ಮಾಡಿದ್ದೆ" ಎಂದೆ. ಕುಳಿತು ಅವನಿಗೆ ಎಲ್ಲವನ್ನೂ ಹೇಳಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1978ರಲ್ಲಿ ನನಗೆ ಹತ್ತೊಂಬತ್ತು ವರ್ಷ. ಶ್ರಾವಣದ ಪ್ರವಚನಕ್ಕೆ ಬಾಡಿಗೆಯ ಮೈಕ್ ಸೆಟ್ ಏಕೆ, ನಾನೇ ಕಟ್ಟಿಕೊಡುತ್ತೇನೆ ಎಂದು ಅಪ್ಪಾವರಲ್ಲಿ ಬಿನ್ನವಿಸಿಕೊಂಡಿದ್ದೆ. ಅವರು ನಕ್ಕು ಒಪ್ಪಿದರು. 2ಎನ್ 3055 ಎಂಬ ಟ್ರಾನ್ಸಿಸ್ಟರುಗಳನ್ನು ಹಾಕಿ, ಹಳೆಯ ಟ್ರಾನ್ಸ್‌ಫಾರ್ಮರೊಂದನ್ನು ಮತ್ತೆ ಸುತ್ತಿಸಿ, ಕಬ್ಬಿಣದ ತಗಡಿನ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರನ್ನು ಕಟ್ಟಿದೆ. ಹುಡುಗರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಪ್ರವಚನದ ದಿನ ಜಿಟಿಜಿಟಿ ಮಳೆ. ಮಂಟಪದ ಕಲ್ಲುಹಾಸು ಒದ್ದೆಯಾಗಿತ್ತು. ಮೈಕಿನ ಕಂಬ ಅಲುಗಾಡದಿರಲೆಂದು ಅದನ್ನು ಮಂಟಪದ ಕಬ್ಬಿಣದ ಕಂಬಕ್ಕೆ ತಂತಿಯಿಂದ ಬಿಗಿದಿದ್ದೆ. ಅಪ್ಪಾವರು ಮಾತು ಆರಂಭಿಸಿದೊಡನೆ ಗುಂಯ್ ಎಂಬ ಸದ್ದು ಮಂಟಪವನ್ನೆಲ್ಲ ತುಂಬಿತು. ಮುಂದೆ ಕುಳಿತ ಹಿರಿಯರು ಹಿಂದಿರುಗಿ ನನ್ನತ್ತ ನೋಡಿದರು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಇಪ್ಪತ್ತು ನಿಮಿಷ ಹೀಗೆಯೇ ಕಳೆಯಿತು. ನಡುವೆ ಸಂಗೀತದವರು ಶ್ರುತಿ ಕೂಡಿಸಿಕೊಳ್ಳುವ ಹೊತ್ತಿನಲ್ಲಿ ನಾನು ಪ್ಲಗ್ಗನ್ನು ಕಿತ್ತು, ಬಿಚ್ಚಿ, ಹಸಿರು ತಂತಿಯನ್ನು ಕತ್ತರಿಸಿ, ಮತ್ತೆ ಸಿಕ್ಕಿಸಿದೆ. ಸದ್ದು ಕಿವಿಗೆ ಕೇಳದಷ್ಟು ತಗ್ಗಿತು. ಹಿರಿಯರು ಈ ಸಲ ತಲೆದೂಗಿದರು. ಗೆದ್ದೆನೆಂದುಕೊಂಡೆ.

ಅಲ್ಲಿ ನಡೆದುದೇನೆಂಬುದು ನನಗೆ ವರ್ಷಗಳ ಮೇಲೆ ತಿಳಿಯಿತು. ಪೆಟ್ಟಿಗೆಗೆ ನೆಲದೊಡನೆ ಎರಡು ಸಂಬಂಧಗಳಿದ್ದವು. ಪ್ಲಗ್ಗಿನ ಹಸಿರು ತಂತಿ ಒಂದು. ಮೈಕಿನ ತಂತಿಯ ಹೊರಗಿನ ಜಾಳಿಗೆ ಹೊದಿಕೆ, ಅದರಿಂದ ಮೈಕಿನ ಕಂಬ, ಅದರಿಂದ ಮಂಟಪದ ಕಬ್ಬಿಣ, ಇದು ಇನ್ನೊಂದು. ನೆಲವೆಲ್ಲ ಒಂದೇ ಎಂದು ನಾವು ತಿಳಿಯುತ್ತೇವೆ. ವಿದ್ಯುತ್ತಿಗೆ ಹಾಗಲ್ಲ. ಕೆಲಗೇರಿಯ ಕೆರೆಯನ್ನೂ ಉಣಕಲ್ಲ ಕೆರೆಯನ್ನೂ ಒಂದು ಕಾಲುವೆಯಿಂದ ಜೋಡಿಸಿದರೆ ಎತ್ತರದಿಂದ ತಗ್ಗಿಗೆ ನೀರು ಹರಿಯದೆ ಇರದು. ಹಾಗೆಯೇ ಎರಡು ನೆಲೆಗಳ ನಡುವಿನ ಅಲ್ಪ ವ್ಯತ್ಯಾಸದಿಂದ ಮೈಕಿನ ಜಾಳಿಗೆಯಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಪೆಟ್ಟಿಗೆ ಅದನ್ನೂ ಧ್ವನಿಯೆಂದೇ ತಿಳಿದು ದೊಡ್ಡದು ಮಾಡುತ್ತಿತ್ತು. ನಾನು ಬಿಡಿಸಬೇಕಾದುದು ಕಬ್ಬಿಣಕ್ಕೆ ಬಿಗಿದ ಆ ಕಟ್ಟನ್ನು. ನಾನು ಕಡಿದುದು ಜೀವ ಕಾಯುವ ತಂತಿಯನ್ನು.

ತರ್ಕದಲ್ಲಿ ಇದಕ್ಕೆ 'ಉಪಾಧಿ' ಎಂಬ ಹೆಸರಿದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದರೆ ತಪ್ಪು. ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ. ಹೊಗೆಗೆ ಬೇಸತ್ತು ಒಲೆಯನ್ನೇ ಆರಿಸಿದರೆ ಹೊಗೆಯೇನೋ ಹೋಗುತ್ತದೆ. ಆದರೆ ಅದು ಒಲೆಯ ದೋಷವಲ್ಲ. ಈ ಪಾಠವನ್ನು ಅಪ್ಪಾವರಿಂದಲೇ ಕೇಳಿ ನಾನು ಬಾಯಿಪಾಠ ಮಾಡಿದ್ದೆ. ಕೈಗೆ ಅದು ಇಳಿದಿರಲಿಲ್ಲ.

ಮಂಗಳದ ಹೊತ್ತಿಗೆ, ಅಪ್ಪಾವರಿಗೆ ಅನುಕೂಲವಾಗಲೆಂದು ಭಕ್ತರೊಬ್ಬರು ಕಂಬಕ್ಕೆ ಬಿಗಿದ ತಂತಿಯನ್ನು ಬಿಚ್ಚಿ ಮೈಕನ್ನು ಮುಂದಕ್ಕೆ ಸರಿಸಿದರು. ಆಗ ಪೆಟ್ಟಿಗೆಗೆ ನೆಲದ ಎರಡೂ ಸಂಬಂಧಗಳು ತಪ್ಪಿದವು. ಮಳೆಗಾಲದ ತೇವಕ್ಕೆ ನನ್ನ ಟ್ರಾನ್ಸ್‌ಫಾರ್ಮರಿನೊಳಗಿನ ಕಾಗದ ಮೆತ್ತಗಾಗಿ ವಿದ್ಯುತ್ತು ಪೆಟ್ಟಿಗೆಯ ತಗಡಿಗೆ ಸೋರುತ್ತಿತ್ತು. ಹಸಿರು ತಂತಿ ಇದ್ದಿದ್ದರೆ ಆ ಸೋರಿಕೆ ಸದ್ದಿಲ್ಲದೆ ನೆಲ ಸೇರುತ್ತಿತ್ತು. ಈಗ ಅದು ಮೈಕಿನಲ್ಲಿ ಕಾದು ನಿಂತಿತ್ತು. ಒದ್ದೆಯ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತ ಅಪ್ಪಾವರು ಮೈಕಿಗೆ ಕೈ ಹಚ್ಚಿದರು. ಕೈ ಹಿಂದಕ್ಕೆ ಝಾಡಿಸಿತು, ಮೈಕು ಬಿತ್ತು, ಅವರು ಕುಸಿದು ಕುಳಿತರು. ನಾನು ಸ್ವಿಚ್ಚಿನ ಕಡೆಗೆ ಓಡಿದೆ. ಹಿಡಿತ ಬಿಗಿಯಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಇಂದಿಗೂ ನೆನೆಯಲಾರೆ.

ಮರುದಿನ ಬೆಳಗಿನ ಪಾಠಕ್ಕೆ ಅವರು ಎಂದಿನಂತೆ ಬಂದರು. ಪಾಠ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ, "ಪೆಟಿಗಿಗೆ ಏನಾಗಿತ್ತಪಾ?" ಎಂದು ಕೇಳಿದರು. "ಮಳಿ ತೇವರೀ, ಅಪ್ಪಾವರ" ಎಂದೆ. ಸುಳ್ಳಲ್ಲ; ಆದರೆ ನಿಜವನ್ನು ಮುಚ್ಚುವಷ್ಟೇ ನಿಜ. ಅವರು "ಹೌದೇನು" ಎಂದು ಒಳಗೆ ಹೋದರು. ಆ ಬಳಿಕ ಅವರು ಆ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಇದ್ದ ಹದಿಮೂರು ವರ್ಷಗಳಲ್ಲಿ ಎಷ್ಟೋ ಸಲ ಅವರ ಪಾದದ ಬಳಿ ಕುಳಿತೆ. ಪ್ರತಿ ಸಲವೂ ಈ ಸಲ ಹೇಳಬೇಕೆಂದುಕೊಂಡು ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ.

ಮೊಮ್ಮಗ ಇಷ್ಟನ್ನೂ ಕೇಳಿ ಏನೂ ಮಾತನಾಡಲಿಲ್ಲ. ಸ್ಕ್ರೂಡ್ರೈವರನ್ನು ಡಬ್ಬಿಯಲ್ಲಿಟ್ಟು, ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ತೆಗೆದ. ಅದು ಬ್ಯಾಟರಿಯ ಮೇಲೆ ನಡೆಯತೊಡಗಿತು. ನೆಲದ ಎರಡನೆಯ ದಾರಿ ಹೋಯಿತು, ಸದ್ದೂ ಹೋಯಿತು. ಪ್ಲಗ್ಗಿನ ತಂತಿ ಅದರ ಜಾಗದಲ್ಲಿಯೇ ಉಳಿಯಿತು. ಚಾರ್ಜರು ಬೇಕೇಬೇಕೆಂಬವರು ಎಲ್ಲ ಉಪಕರಣಗಳನ್ನೂ ಒಂದೇ ಹಲಗೆಯ ಸಾಕೆಟ್ಟುಗಳಿಗೆ ಹಾಕಿ ನೋಡಬಹುದು. ಧ್ವನಿಯ ತಂತಿಯ ನಡುವೆ ಸಣ್ಣದೊಂದು ಆಡಿಯೋ ಟ್ರಾನ್ಸ್‌ಫಾರ್ಮರನ್ನು ಹಾಕಿದರೆ ಧ್ವನಿ ದಾಟುತ್ತದೆ, ನೆಲದ ವಿದ್ಯುತ್ತು ದಾಟುವುದಿಲ್ಲ.

ಆ ರಾತ್ರಿ ಕ್ಯಾಸೆಟ್ಟನ್ನು ಮೊದಲಿನಿಂದ ಹಚ್ಚಿದೆವು. ಗುಂಯ್‌ಕಾರ ಇನ್ನೂ ಇತ್ತು! ಮೊಮ್ಮಗನ ಮುಖ ಬಾಡಿತು. ನಾನು ಅವನ ಕೈ ಹಿಡಿದು, "ಇದು ನಿನ್ನ ಪೆಟಿಗಿದಲ್ಲ, ನನ್ನದು" ಎಂದೆ. ಆ ಭಕ್ತರು ತಮ್ಮ ಟೇಪ್ ರೆಕಾರ್ಡರನ್ನು ಅಪ್ಪಾವರ ಆಸನದ ಪಕ್ಕದಲ್ಲಿಟ್ಟಿದ್ದರು. ಅದು ಸೆಲ್ಲುಗಳ ಮೇಲೆ ನಡೆಯುವಂಥದು, ಮೈಕು ಅದರೊಳಗೇ ಇತ್ತು. ನನ್ನ ಪೆಟ್ಟಿಗೆಯ ಸದ್ದೂ ಅದರಲ್ಲಿ ಸೇರಿಕೊಂಡಿತ್ತು. ಇಪ್ಪತ್ತು ನಿಮಿಷವಾಗುತ್ತಲೇ 'ಟಕ್' ಎಂದು ಸದ್ದು ನಿಂತಿತು. ತುಸು ಹೊತ್ತಿನ ಮೇಲೆ ಅಪ್ಪಾವರ ಧ್ವನಿ ಮಳೆ ನಿಂತ ಬಯಲಿನಂತೆ ಸ್ವಚ್ಛವಾಗಿ ಕೇಳಿಬಂತು. ಮನೆಯವರೆಲ್ಲ ಹಿಗ್ಗಿದರು. ಆ ಸ್ವಚ್ಛವಾದ ಭಾಗವೇ ಭಯದ ಭಾಗವೆಂಬುದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿದಿತ್ತು.

ಬಳಿಕ ಆ ಬಿದ್ದ ಸದ್ದು. ಜನರ ಕೂಗು. ನಾನು ಸ್ವಿಚ್ಚಿನ ಕಡೆಗೆ ಓಡಿದ್ದರಿಂದ ಅಲ್ಲಿ ಮುಂದೆ ನಡೆದ ಮಾತು ನನಗೆ ಅಂದು ಕೇಳಿರಲಿಲ್ಲ. ಮೊದಲು ಅಪ್ಪಾವರ ಧ್ವನಿ: "ಮೈಕ ಯಾರೂ ಮುಟ್ಟಬ್ಯಾಡ್ರಿ. ಹುಡುಗರನ್ನ ಹಿಂದ ಸರಸ್ರಿ." ತುಸು ಹೊತ್ತಿನ ಮೇಲೆ ಕಾರಭಾರಿಗಳು ಸಿಟ್ಟಿನಿಂದ ಏನೋ ಅಂದರು. ಅದಕ್ಕೆ ಅಪ್ಪಾವರು ಧ್ವನಿ ಇಳಿಸಿ, ಉಸಿರು ಎಳೆದುಕೊಳ್ಳುತ್ತ ಹೇಳಿದರು: "ತಂತಿ ಕಡದದ್ದು ನಾ ನೋಡೇನಿ. ಸದ್ದು ಹೋಗಲೆಂತ ಮಾಡ್ಯಾನ. ಹುಡುಗಗ ಯಾರೂ ಏನೂ ಅನಬ್ಯಾಡ್ರಿ. ತಾನಽ ಬಂದು ಹೇಳತಾನ."

ಅಲ್ಲಿಗೆ ಆ ಬದಿ ಮುಗಿಯಿತು. ಮೊಮ್ಮಗ ಎದ್ದು ಯಂತ್ರವನ್ನು ನಿಲ್ಲಿಸಿದ. ನಾನು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಮರುದಿನ ಅವರು ನನ್ನನ್ನು ನಿಲ್ಲಿಸಿ ಕೇಳಿದುದು ಪೆಟ್ಟಿಗೆಯ ವಿಷಯವನ್ನು ತಿಳಿಯಲಿಕ್ಕಲ್ಲ. ನನಗೆ ಬಾಗಿಲು ತೆರೆಯಲಿಕ್ಕೆ. ಹದಿಮೂರು ವರ್ಷ ಅವರು ಆ ಬಾಗಿಲನ್ನು ಮುಚ್ಚಿರಲಿಲ್ಲ. ನಾನು ಹೊಸ್ತಿಲು ದಾಟಲಿಲ್ಲ. ಈಗ ಅವರಿಗೆ ಹೇಳಲಾರೆ. ಆದುದರಿಂದ ಅವರ ಭಕ್ತರಾದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಇನ್ನೊಂದು ಕಾರಣಕ್ಕೂ ಇದನ್ನು ಬರೆಯಬೇಕಾಯಿತು. ನಮ್ಮ ಮಠಗಳಲ್ಲಿ, ಮನೆಗಳಲ್ಲಿ ಶ್ರಾವಣವೆಂದರೆ ಮೈಕು, ಶ್ರಾವಣವೆಂದರೆ ಮಳೆ. ಗುಂಯ್ ಎಂದರೆ ಅರ್ಥಿಂಗ್ ತೆಗೆಯಿರಿ ಎಂಬ ಸಲಹೆ ನನ್ನ ಕಾಲಕ್ಕೂ ಇತ್ತು, ಮೊಮ್ಮಗನ ಕಾಲಕ್ಕೂ ಇದೆ. ಪ್ಲಗ್ಗಿನ ಮೇಲ್ಗಡೆಯ ದಪ್ಪ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದು ಸುಮ್ಮನೆ ಅಲ್ಲ. ಹಾಕುವಾಗ ಅದು ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಹಳೆಯ ತಂತಿಗಳಲ್ಲಿ ಅದರ ಬಣ್ಣ ಹಸಿರು. ಈಗಿನವುಗಳಲ್ಲಿ ಹಸಿರು ಹಳದಿ ಪಟ್ಟೆ. 30 ಮಿಲಿಯಾಂಪಿಯರಿನಷ್ಟು ಸೋರಿಕೆಯಾದರೂ ವಿದ್ಯುತ್ತನ್ನು ತಟ್ಟನೆ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನ ಈಗ ಪೇಟೆಯಲ್ಲಿ ಸಿಗುತ್ತದೆ. ಮಂಟಪಕ್ಕೆ ಹೋಗುವ ವಿದ್ಯುತ್ತಿಗೆ ಅದನ್ನು ಹಾಕಿಸಿರಿ. ಸದ್ದಿನ ಕಾರಣ ಸಿಗುವವರೆಗೆ ಸದ್ದನ್ನು ಸಹಿಸಿಕೊಳ್ಳಿರಿ.

ಕ್ಯಾಸೆಟ್ಟಿನ ಧ್ವನಿಯನ್ನು ಇಳಿಸಿ ಒಂದು ಪ್ರತಿಯನ್ನು ಹುಬ್ಬಳ್ಳಿಯ ಆ ಮನೆಗೆ, ಇನ್ನೊಂದನ್ನು ಮಠಕ್ಕೆ ಕೊಟ್ಟೆವು. ಮೊದಲಿನ ಇಪ್ಪತ್ತು ನಿಮಿಷದ ಗುಂಯ್‌ಕಾರವನ್ನು ತೆಗೆಯಲೇ ಎಂದು ಮೊಮ್ಮಗ ಕೇಳಿದ. ಬೇಡವೆಂದೆ. ಈಗ ಪ್ರವಚನಕ್ಕೆಂದು ಎಲ್ಲಿಗೆ ಕರೆದರೂ ನಾನು ಅರ್ಧ ತಾಸು ಮೊದಲೇ ಹೋಗುತ್ತೇನೆ. ಮೈಕಿನವನನ್ನು ಕರೆದು ಪ್ಲಗ್ಗನ್ನು ಬಿಚ್ಚಿ ತೋರಿಸೆನ್ನುತ್ತೇನೆ. ಅವನು ನಗುತ್ತಾನೆ. ಹಸಿರು ತಂತಿ ಅದರ ಜಾಗದಲ್ಲಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಮೈಕಿನ ಮುಂದೆ ಹೋಗಿ ಕುಳಿತುಕೊಳ್ಳುತ್ತೇನೆ.